ಮೂವತ್ತೆರಡನೆಯ ಗುಂಡಿಯ ಮೇಲಿನ ಪಟ್ಟಿ

ಇಸವಿ ೨೨೨೧, ಶ್ರಾವಣದ ನಲವತ್ತನೆಯ ದಿನ
ದನಿಮನೆ, ಘಟಪ್ರಭೆಯ ಮೇಲಿನ ದಂಡೆ

ಪಟ್ಟಿ ಅಂಟಿಸಿದವರಿಗೆ ಗೌರಾಬಾಯಿ ಮಾಡುವ ನಮಸ್ಕಾರಗಳು.

ಶ್ರಾವಣಕ್ಕೆ ನಲವತ್ತು ದಿನ ಎಲ್ಲಿಂದ ಬಂತೆಂದು ನೀವು ನಗಬಹುದು. ಮಳೆ ನಿಲ್ಲುವವರೆಗೆ ತಿಂಗಳು ಮುಗಿಯಿತೆಂದು ನಾವು ಒಪ್ಪುವುದಿಲ್ಲ. ಹೋದ ವರ್ಷ ಅರವತ್ತೆರಡಕ್ಕೆ ಮುಗಿಯಿತು. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಯಂತ್ರದ ಜೊತೆ ಬಂದ ಕೈಪಿಡಿಯಿಂದ. ಅದರಲ್ಲಿ ಪ್ರೀತಿಯ ಮಾತುಗಳಿಲ್ಲ, ಇರುವುದೆಲ್ಲ ಒತ್ತಿ, ಬಿಡಿ, ಕಾಯಿರಿ.

ನಾನು ದನಿಮನೆಯ ಕೆಲಸದವಳು. ಈಗ ಮನೆಗಳಲ್ಲಿ ರೇಡಿಯೋ, ಟಿ.ವಿ. ಇಲ್ಲ. ಪ್ರತಿ ಓಣಿಯ ಕಂಬಕ್ಕೂ ಒಂದು ಓಣಿಬಾಯಿ ಇದೆ. ನೀವು ಅದನ್ನು ಧ್ವನಿವರ್ಧಕ ಅನ್ನುತ್ತಿದ್ದಿರಂತೆ. ಯಾವ ದನಿ ಯಾವ ಓಣಿಗೆ ಹೋಗಬೇಕೆಂದು ತೀರ್ಮಾನಿಸುವುದು ನೀವು ಬಿಟ್ಟುಹೋದ ಆ ಯಂತ್ರ, ನಮ್ಮ ಗುಂಡಿಹಲಗೆ. ಮೇಲಿನ ಸಾಲುಗಳಲ್ಲಿ ದನಿಯ ಮೂಲಗಳು: ಅಣೆಕಟ್ಟೆ, ದವಾಖಾನೆ, ಶಾಲೆ, ಬೆಳಗಿನ ಭಜನೆಯವರು. ಕೆಳಗಿನ ಸಾಲುಗಳಲ್ಲಿ ಓಣಿಗಳು. ಮೊದಲು ಓಣಿಯ ಗುಂಡಿ ಒತ್ತಬೇಕು, ಹಸಿರು ದೀಪ ಬರುತ್ತದೆ. ಆಮೇಲೆ ಮೂಲದ ಗುಂಡಿ ಒತ್ತಿದರೆ ಎರಡೂ ಕೆಂಪಾಗಿ ದನಿ ಹರಿಯುತ್ತದೆ. ಹೊಸ ಓಣಿ ಹುಟ್ಟಿದಾಗ ಬದಿಯ ಕೀಲಿ ತಿರುಗಿಸಿ, ಖಾಲಿ ಗುಂಡಿಯೊಂದಕ್ಕೆ ಅದರ ಹೆಸರು ಬರೆದು, ತಂತಿಗೆ ಜೋಡಿಸುತ್ತೇವೆ. ಇದಕ್ಕೆ ನಾಮಕರಣ ಎಂದೇ ಹೆಸರು, ಸಕ್ಕರೆಯನ್ನೂ ಹಂಚುತ್ತೇವೆ. ಒಮ್ಮೆ ನಾನು ಅವಸರದಲ್ಲಿ ಭಜನೆಯನ್ನು ಹೆರಿಗೆ ಕೋಣೆಗೆ ಹರಿಸಿಬಿಟ್ಟಿದ್ದೆ. ಆ ಹೊತ್ತಿಗೆ ಹುಟ್ಟಿದ ಕೂಸನ್ನು ಇವತ್ತಿಗೂ ಭಜನವ್ವ ಎಂದೇ ಕರೆಯುತ್ತಾರೆ.

ಕೊನೆಯದು ಮೂವತ್ತೆರಡನೆಯ ಗುಂಡಿ. ಅದರ ಹೆಸರು ಕಾಣದಂತೆ ನೀವೊಂದು ಅಂಟುಪಟ್ಟಿ ಹಚ್ಚಿ, ನೀಲಿ ಶಾಯಿಯಲ್ಲಿ 'ಮುಟ್ಟಬೇಡಿ' ಎಂದು ಬರೆದಿರಿ. ಏಳು ತಲೆಮಾರು ನಾವು ಮುಟ್ಟಲಿಲ್ಲ. ಪಟ್ಟಿ ಉದುರಬಾರದೆಂದು ಅರಗು ಸವರಿದೆವು. ಆಯುಧಪೂಜೆಯ ದಿನ ಮೊದಲ ಕುಂಕುಮ ಅದಕ್ಕೇ. ಅದನ್ನು ಒತ್ತಿದರೆ ಎಲ್ಲ ಓಣಿಗಳೂ ಶಾಶ್ವತವಾಗಿ ಮೂಕವಾಗುತ್ತವೆ ಎಂದು ಹಿರಿಯರು ಹೇಳುತ್ತಿದ್ದರು. ಕೆಲಸಕ್ಕೆ ಸೇರುವವರೆಲ್ಲ ಮುಟ್ಟುವುದಿಲ್ಲವೆಂದು ಆಣೆ ಮಾಡಬೇಕಿತ್ತು. ನಾನೂ ಮಾಡಿದೆ. ಮೂಕವಾದದ್ದನ್ನು ಕಂಡವರು ಯಾರೆಂದು ಕೇಳಲಿಲ್ಲ.

ಹನ್ನೊಂದು ದಿನದ ಹಿಂದೆ, ಮಧ್ಯಾಹ್ನದ ಊಟದ ಹೊತ್ತಿಗೆ, ಅಣೆಕಟ್ಟೆಯಿಂದ ಸುದ್ದಿ ಬಂತು. ಗೇಟು ಮುರಿದಿದೆ, ಒಂದು ತಾಸಿನಲ್ಲಿ ಕೆಳಪೇಟೆ ಖಾಲಿಯಾಗಬೇಕು. ಕೆಳಪೇಟೆ ಹೊಳೆಯ ಆಚೆ ದಂಡೆಯಲ್ಲಿದೆ. ನನ್ನ ಅಕ್ಕ ಶಾವಂತ್ರಿಯನ್ನು ಕೊಟ್ಟದ್ದು ಅಲ್ಲಿಗೇ. ಕೆಳಪೇಟೆಯ ಗುಂಡಿ ಒತ್ತಿದೆ. ಹಸಿರು ಬರಲಿಲ್ಲ. ಮಳೆಗೆ ಉಕ್ಕಿದ ಹೊಳೆಯಲ್ಲಿ ಸೇತುವೆ ಆಗಲೇ ಕೊಚ್ಚಿಹೋಗಿತ್ತು, ಅದರ ಮೇಲೆ ಹಾಯ್ದಿದ್ದ ತಂತಿಯೂ ಹೋಗಿತ್ತು. ನಾಲ್ಕು ಸಲ ಒತ್ತಿದ ಮೇಲೆ ನನ್ನ ಕೈ ತಾನಾಗಿ ಮೂವತ್ತೆರಡರ ಕಡೆ ಹೋಯಿತು. ನನಗೆ ಕೆಲಸ ಕಲಿಸಿದ ಈರಸಂಗಪ್ಪ ಕಾಕಾ ಪಕ್ಕದಲ್ಲೇ ನಿಂತಿದ್ದರು. ಅವರ ಮಗನ ಮನೆಯೂ ಕೆಳಪೇಟೆಯಲ್ಲೇ. ಅವರು ನನ್ನ ಕೈ ಹಿಡಿಯಲಿಲ್ಲ, ಗದರಲೂ ಇಲ್ಲ.

"ಹಿರ್ಯಾರು ಸುಮ್ನ ಬರದಿರಂಗಿಲ್ಲವ್ವಾ," ಎಂದರು. "ಉಳದ ಓಣಿಗೋಳಿಗರೆ ದನಿ ಇರ್ಲಿ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ದೋಣಿ ಕಳಿಸಿದೆವು, ನೀರು ದೋಣಿಗಿಂತ ಮೊದಲು ಮುಟ್ಟಿತು. ಇನ್ನೂರ ಹದಿನಾಲ್ಕು ಜನ ಹೋದರು. ಅಕ್ಕ ಸಿಕ್ಕಿದ್ದು ಮೂರನೆಯ ದಿನ. ಪಂಚಮಿ ಹಬ್ಬಕ್ಕೆ ಬಂದಾಗ ನಾನು ಉಡಿಸಿದ್ದ ಇಳಕಲ್ ಸೀರೆಯಿಂದ ಗುರುತು ಹಿಡಿದೆ.

ಮಣ್ಣು ಕೊಟ್ಟು ಬಂದವಳು ನೇರ ದನಿಮನೆಗೆ ಹೋಗಿ ಆಣೆ ಮುರಿದೆ. ಉಗುರಿನಿಂದ ಪಟ್ಟಿ ಕಿತ್ತೆ. ಕೆಳಗೆ ಗುಂಡಿಯ ಹೆಸರು ಅಚ್ಚುಕಟ್ಟಾಗಿತ್ತು: 'ಕೆಳಪೇಟೆ, ಎರಡನೆಯ ದಾರಿ'. ಒತ್ತಿದೆ. ಹಸಿರು ಬಂತು. ಕೈಗೆ ಸಿಕ್ಕ ಮೂಲವೊಂದನ್ನು ಒತ್ತಿದೆ, ಎರಡೂ ಕೆಂಪಾದವು, ಯಾವ ಓಣಿಯೂ ಮೂಕವಾಗಲಿಲ್ಲ. ಆಚೆ ದಂಡೆಯಲ್ಲಿ ಕೆಸರು ತೆಗೆಯುತ್ತಿದ್ದವರು ಸಂಜೆ ಬಂದು, ಬಿದ್ದ ಗೋಡೆಗಳ ನಡುವೆ ಕಂಬವೊಂದು ಇದ್ದಕ್ಕಿದ್ದಂತೆ ಶಾಲೆಯ ಮಗ್ಗಿ ಹೇಳತೊಡಗಿತೆಂದರು. ಹೊಳೆಯ ತಳದಲ್ಲಿ ಹೂತ ತಂತಿ ಇಷ್ಟು ವರ್ಷ ಜೀವಂತವಾಗಿಯೇ ಇತ್ತು. ಈರಸಂಗಪ್ಪ ಕಾಕಾ ಅವತ್ತಿನಿಂದ ಕೆಲಸಕ್ಕೆ ಬಂದಿಲ್ಲ.

ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಂಡವರ ಗಾದೆ ನಿಮ್ಮ ಕಾಲದಲ್ಲೂ ಇತ್ತಂತೆ. ನಾವು ಆ ಮರಕ್ಕೆ ಕುಂಕುಮವನ್ನೂ ಹಚ್ಚಿದೆವು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿದೆ. ಪಟ್ಟಿಯ ಕೆಳಗಿನ ಅಂಚು ಒಳಕ್ಕೆ ಮಡಚಿಕೊಂಡಿತ್ತು. ನೀರು ಸವರಿ ಮೆಲ್ಲಗೆ ಬಿಡಿಸಿದೆ. ಅದೇ ನೀಲಿ ಶಾಯಿ, ಅದೇ ಕೈಬರಹ: 'ತಂತಿ ಕೆಲಸ ನಡೆದಿದೆ. ಇವತ್ತು ಸಂಜೆ ಐದರವರೆಗೆ ಮಾತ್ರ.'

ಈ ಕಾಗದ ನಿಮ್ಮನ್ನು ಯಾವ ದಾರಿಯಿಂದ ಮುಟ್ಟುತ್ತದೋ ನನಗೆ ತಿಳಿಯದು. ಮುಟ್ಟಿದರೆ, ನೀವು ಆ ಕೆಲಸ ಮುಗಿಸಿ, ಕೈ ತೊಳೆದು, ಚಹಾ ಕುಡಿಯುತ್ತಿರುವ ಹೊತ್ತಿಗೆ ಮುಟ್ಟಲಿ. ಐದು ಹೊಡೆದಿದ್ದರೆ ಮನೆಗೆ ಹೋಗುವ ಮುನ್ನ ಒಮ್ಮೆ ಹಲಗೆಯ ಹತ್ತಿರ ಹೋಗಿ. ಆ ಪಟ್ಟಿ ಕಿತ್ತುಬಿಡಿ. ಕೆಳಪೇಟೆಯಲ್ಲಿ ನನ್ನ ಅಕ್ಕ ಇದ್ದಾಳೆ.