ತಲೆಯಾಡಿಸಿದ್ದು

ಮಾರ್ಚ್ 4, ಬುಧವಾರ

ಹಾಸಿಗೆ ಬಟ್ಟೆ ಎಲ್ಲ ಬದಲಾಯಿತು. ಕೋಣೆಗೊಂದು ಟವೆಲ್, ಒಂದು ಸೋಪು, ಒಂದು ಬೈಬಲ್. ಕೊನೇ ಕೋಣೆಯ ಕಿಟಕಿ ಈ ಸಲವೂ ಸರಿಯಾಗಿ ಮುಚ್ಚುತ್ತಿಲ್ಲ — ಪೇಪರ್ ಮಡಚಿ ಸಿಕ್ಕಿಸಿದೆ. ನಾಳೆ ಸಂಜೆ ಹೊಸ ಗುಂಪು. ಭಾನುವಾರದವರೆಗೆ ಮೌನ ರಿಟ್ರೀಟ್. ಹೆಚ್ಚಿನವರು ಮೊದಲ ಸಲ ಬರುತ್ತಿರುವವರಂತೆ. ಇಂಥವರು ಮೊದಲ ದಿನ ಮೊಬೈಲಿಗಾಗಿ ಜೇಬು ತಡವುತ್ತಾರೆ, ಎರಡನೇ ದಿನ ಅಳುತ್ತಾರೆ, ಮೂರನೇ ದಿನ ಇಲ್ಲೇ ಇದ್ದುಬಿಡುತ್ತೇವೆ ಎನ್ನುತ್ತಾರೆ. ಊಟ ಮುಗಿಸಿ ಹೊರಡುತ್ತಾರೆ.

ನನ್ನ ಕೋಣೆಯ ಎರಡು ಕುರ್ಚಿಗಳನ್ನು ಮತ್ತೆ ಸರಿಸಿದೆ. ಕಿಟಕಿಯ ಬೆಳಕು ಬಂದವರ ಮುಖಕ್ಕೆ ಬೀಳಬೇಕು, ನನ್ನ ಬಲಗಿವಿ ಅವರ ಕಡೆ ಇರಬೇಕು. ಎಡಗಿವಿ ಲೆಕ್ಕಕ್ಕಿಲ್ಲ. ಬಲದ್ದು ಅರ್ಧ ಕೇಳುತ್ತದೆ, ಉಳಿದರ್ಧ ತುಟಿ ನೋಡಿ ತುಂಬಿಸಿಕೊಳ್ಳುತ್ತೇನೆ.

ಅಡುಗೆ ಸಿಸ್ಟರಿಗೆ ಮಾತ್ರ ಗೊತ್ತು. ಅವಳ ಗಂಟಲು ಎಂಥದ್ದೆಂದರೆ ಪಿಸುಗುಟ್ಟಿದರೂ ನನಗೆ ಕೇಳುತ್ತದೆ. ಇಂಥವಳನ್ನು ಮೌನದ ಮನೆಗೆ ಯಾರು ಸೇರಿಸಿಕೊಂಡರೋ! ಇವತ್ತು ಕ್ಯಾರೆಟ್ ಹೆಚ್ಚುತ್ತಾ ಕೇಳಿದಳು:

"ಮದರ್ ಹತ್ರ ಯಾವಾಗ ಹೇಳ್ತೀಯೇ?"

"ಈ ಗುಂಪು ಒಂದು ಮುಗೀಲಿ."

"ಹೋದ ಗುಂಪಿಗೂ ಇದನ್ನೇ ಅಂದಿದ್ದೆ ಕಣೇ."

ಒಂದು ತುಂಡು ಕ್ಯಾರೆಟ್ ಬಾಯಿಗೆ ಹಾಕಿಕೊಂಡು ಎದ್ದು ಬಂದೆ.

ಮಾರ್ಚ್ 5, ಗುರುವಾರ, ಸಂಜೆ

ಗುಂಪು ಬಂತು. ಮದರ್ ಎಂದಿನಂತೆ ನಿಯಮ ಹೇಳಿದರು. ಯಾರೂ ಯಾರೊಡನೆಯೂ ಮಾತಾಡುವಂತಿಲ್ಲ. ಊಟದ ಮೇಜಿನಲ್ಲಿ ಉಪ್ಪು ಬೇಕು, ನೀರು ಬೇಕು ಎಂದು ಕೇಳುವಂತಿಲ್ಲ, ಸನ್ನೆಯೂ ಇಲ್ಲ. ಪಕ್ಕದವರಿಗೆ ಏನು ಬೇಕೆಂದು ನಾವೇ ಗಮನಿಸಿ ಸರಿಸಬೇಕು. ದಿನಕ್ಕೊಮ್ಮೆ ಅರ್ಧ ಗಂಟೆ ನನ್ನ ಕೋಣೆಯಲ್ಲಿ ಮಾತ್ರ ಬಾಯಿ ಬಿಡಬಹುದು. "ಇವರ ಹಾಗೆ ಕೇಳಿಸಿಕೊಳ್ಳೋರು ನಿಮಗೆ ಬೇರೆ ಸಿಗಲ್ಲ" ಎಂದು ನನ್ನ ಕಡೆ ಕೈ ತೋರಿಸಿದರು. ಹಿಂದೆ ಅಡುಗೆ ಸಿಸ್ಟರ್ ಕೆಮ್ಮಿದಳು. ಅದೂ ಕೇಳಿಸಿತು.

ತಮಾಷೆಯೆಂದರೆ, ಕಿವಿ ನೆಟ್ಟಗಿದ್ದಾಗ ನನಗೆ ಈ ಹೆಸರಿರಲಿಲ್ಲ. ಆಗ ಜನರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೆ. ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದೆ. ಈಗ ತಪ್ಪು ಉತ್ತರ ಕೊಟ್ಟೇನು ಎಂಬ ಅಂಜಿಕೆಯಿಂದ ಸುಮ್ಮನಿರುತ್ತೇನೆ, ತಲೆಯಾಡಿಸುತ್ತೇನೆ. ಜನ ಕೈಮುಗಿದು ಹೋಗುತ್ತಾರೆ. ಎರಡು ವರ್ಷದಿಂದ ನನ್ನ ಹೆಸರು ಹೇಳಿಕೊಂಡೇ ಬುಕಿಂಗ್ ಆಗುತ್ತಿದೆಯಂತೆ.

ಗುಂಪಿನಲ್ಲಿ ಒಬ್ಬ ಲಿಫ್ಟ್ ರಿಪೇರಿಯವನು. ನಲವತ್ತರ ಆಸುಪಾಸು, ದೊಡ್ಡ ಕೈ, ಉಗುರಿನ ಸಂದಿಯಲ್ಲಿ ಗ್ರೀಸ್. ಕಳಿಸಿದ್ದು ಅವನ ಅತ್ತಿಗೆ, ಅಣ್ಣನ ಹೆಂಡತಿ. ಫಾರಂ ತುಂಬುವಾಗ ಅವನೇ ಹೇಳಿದ್ದು. ಊಟಕ್ಕೆ ಕುಳಿತ, ತಿನ್ನಲಿಲ್ಲ.

ಮಾರ್ಚ್ 6, ಶುಕ್ರವಾರ

ಬೆಳಗಿನಿಂದ ಒಬ್ಬೊಬ್ಬರಾಗಿ ಬಂದರು. ಒಬ್ಬ ಟೀಚರಮ್ಮ, ಸ್ಪಷ್ಟ ಉಚ್ಚಾರ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಒಬ್ಬಾಕೆ ಬರೀ ಅತ್ತಳು. ಅಳುವವರ ಹತ್ತಿರ ನನಗೆ ಕಷ್ಟವಿಲ್ಲ.

ಊಟದ ನಂತರ ಲಿಫ್ಟಿನವನು. ಕುಳಿತವನೇ ಮೊಣಕೈಯನ್ನು ತೊಡೆಗೂರಿ, ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡ. ದನಿಯೋ ಹೊಟ್ಟೆಯೊಳಗಿಂದ. ಒಂದು ಅಕ್ಷರ ಸಿಗಲಿಲ್ಲ. ಕೈ ತೆಗೆಯಪ್ಪಾ ಎಂದಿದ್ದರೆ ಆಗಿಹೋಗುತ್ತಿತ್ತು. ಮನಸ್ಸು ಬಿಚ್ಚುತ್ತಿರುವವನನ್ನು ತಡೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದಲ್ಲ ಕಾರಣ. "ಯಾಕೆ, ನಿಮಗೆ ಕೇಳ್ಸಲ್ವಾ?" ಎಂದು ಕೇಳಿಬಿಟ್ಟರೆ ಎಂಬ ಭಯ.

ಅರ್ಧ ಗಂಟೆ ಮಾತಾಡಿದ. ಕೊನೆಗೆ ನಿಲ್ಲಿಸಿ ನನ್ನನ್ನೇ ನೋಡಿದ. ಏನೋ ಕೇಳಿದ್ದಾನೆ ಅಂತ ಮಾತ್ರ ತಿಳಿಯಿತು. ಕಾಯುತ್ತಿದ್ದ.

ತಲೆಯಾಡಿಸಿದೆ.

ಅವನ ಭುಜ ಎರಡೂ ಒಮ್ಮೆಲೇ ಕೆಳಗಿಳಿದವು. ಎದ್ದು, ನನ್ನ ಕೈ ಹಿಡಿದುಕೊಂಡು ಹಣೆಗೊತ್ತಿಕೊಂಡು ಹೋದ.

ಮಾರ್ಚ್ 7, ಶನಿವಾರ

ಲಿಫ್ಟಿನವನು ಬೆಳಿಗ್ಗೆ ಬ್ರೆಡ್ ಮೇಲೆ ಬ್ರೆಡ್ ತಿಂದ. ತೋಟದ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದನಂತೆ, ಪ್ರಾರ್ಥನೆಗೆ ಕುಳಿತವರಿಗೆ ತೊಂದರೆಯಾಗಿ ಮದರ್ ಹೋಗಿ ಎಬ್ಬಿಸಿದರು. ಸದ್ಯ, ಇವನಿಗೆ ಒಳ್ಳೆಯದಾಯಿತು ಎಂದುಕೊಂಡೆ.

ಅವನ ಹೊತ್ತಿಗೆ ಬಂದ. ಇವತ್ತು ಕೈ ಅಡ್ಡವಿಲ್ಲ, ಮುಖದ ಮೇಲೆ ಬೆಳಕು. ಪ್ರತಿ ಮಾತೂ ತುಟಿಯ ಮೇಲೆ ಕಂಡಿತು.

"ನಿನ್ನೆ ನೀವು ತಲೆ ಆಡಿಸಿದ್ರಲ್ಲ ಸಿಸ್ಟರ್, ಆಮೇಲೆ ಮಲಗಿದ್ದೇ ಗೊತ್ತಾಗ್ಲಿಲ್ಲ. ಎಷ್ಟೋ ದಿನ ಆಗಿತ್ತು. ಸೋಮವಾರ ಹೋಗಿ ಡಾಕ್ಟರಿಗೆ ಹಾಗೇ ಮಾಡಿ ಅಂತ ಹೇಳ್ಬಿಡ್ತೀನಿ. ಅಣ್ಣನಿಗೆ ಸಾಯೋ ತನಕ ಗೊತ್ತಾಗಲ್ಲ."

ಯಾವ ಡಾಕ್ಟರು? ಏನು ಮಾಡುವುದು? ಅಣ್ಣನಿಗೆ ಏನು ಗೊತ್ತಾಗಬಾರದು? ಕೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಮುಚ್ಚಿತು — ಮತ್ತೆ ತಲೆಯಾಡಿಸಿದೆ! ಅಭ್ಯಾಸಬಲ. ಅವನು ನಕ್ಕು ಹೊರಟುಹೋದ.

ಸಂಜೆ

ಅಡುಗೆಮನೆಗೆ ಹೋಗಿ ಹೇಳಿದೆ.

"ಏನಕ್ಕೆ ಹೂಂ ಅಂದೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?" ಸೌಟು ಕೆಳಗಿಟ್ಟಳು. "ಡಾಕ್ಟರು ಅಂತಾನೆ, ಸಾಯೋ ತನಕ ಅಂತಾನೆ. ಯಾರದೋ ಜೀವದ ಮಾತು ಇದ್ದಂಗಿದೆ. ನೀನು ಗೊಂಬೆ ತರ ತಲೆ ಆಡಿಸ್ಕೊಂಡು ಬಂದಿದೀಯ."

"ಮೆಲ್ಲಗೆ ಮಾತಾಡೇ..."

"ಮೆಲ್ಲಗೆ ಮಾತಾಡಿದ್ರೆ ನಿಂಗೆ ಕೇಳುತ್ತಾ? ನಾಳೆ ಊಟ ಆದ್ಮೇಲೆ ಬಸ್ಸು ಹತ್ತಿ ಹೋಗ್ತಾನೆ. ಆಮೇಲೆ ನೀನುಂಟು, ನಿನ್ನ ಕಿವಿಯುಂಟು."

ಕೇಳಬೇಕಾದರೆ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಈ ಕೋಣೆ, ಈ ಕುರ್ಚಿ, ಈ ಕೆಲಸ ಎಲ್ಲ ಹೋಗುತ್ತದೆ. ಇಪ್ಪತ್ತಾರು ವರ್ಷದಿಂದ ನಾನು ಮಾಡಿಕೊಂಡು ಬಂದದ್ದು ಇದೊಂದೇ. ಬೇರೆ ಏನೂ ಬರುವುದಿಲ್ಲ ನನಗೆ. ಹಾಡಲೂ ಬರುವುದಿಲ್ಲ.

ಚೀಟಿ ಬರೆದು ಬಾಗಿಲ ಕೆಳಗೆ ತಳ್ಳಲೇ ಎಂದು ಯೋಚಿಸಿದೆ. ಹೇಡಿತನ ಅನ್ನಿಸಿತು. ಆದರೂ ಎರಡು ಸಾಲು ಬರೆದು ಹರಿದೆ.

ಮಾರ್ಚ್ 8, ಭಾನುವಾರ

ಪೂಜೆ ಮುಗಿದ ಮೇಲೆ ಎಲ್ಲರೂ ತೋಟದಲ್ಲಿ ಒಬ್ಬೊಬ್ಬರೇ ಅಡ್ಡಾಡುತ್ತಿದ್ದರು. ಅವನು ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ. ಹೋಗಿ ಹೇಳಿಬಿಟ್ಟೆ. ಶುಕ್ರವಾರ ನೀವು ಹೇಳಿದ್ದು ಒಂದು ಮಾತೂ ನನಗೆ ಕೇಳಿಸಲಿಲ್ಲ, ನನಗೆ ಕಿವಿ ಮಂದ, ಏನು ಕೇಳಿದಿರೆಂದು ತಿಳಿಯದೆ ತಲೆಯಾಡಿಸಿದೆ, ನಿನ್ನೆಯೂ ಅಷ್ಟೇ.

ಮೊದಲು ಅರ್ಥವಾಗಲಿಲ್ಲ ಅವನಿಗೆ. ಆಮೇಲೆ ಮುಖ ಕೆಂಪಾಯಿತು.

"ಅಂದ್ರೆ? ಎರಡು ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು?"

"ತಪ್ಪಾಯ್ತು."

"ತಪ್ಪಾಯ್ತಂತೆ! ಕೇಳ್ಸಲ್ಲ ಅಂದ್ರೆ ಆ ಕುರ್ಚಿ ಮೇಲೆ ಯಾಕೆ ಕೂತ್ಕೊಂಡಿದೀರ?"

ಬಲಗಿವಿಯನ್ನು ಅವನ ಕಡೆ ತಿರುಗಿಸಿದೆ. ಇನ್ನೊಮ್ಮೆ ಹೇಳಿ, ಈ ಕಿವಿಗೆ, ಸ್ವಲ್ಪ ಜೋರಾಗಿ ಎಂದೆ. ಹೇಳಿದ. ಕೇಳಿಸಲಿಲ್ಲ, ಇನ್ನೂ ಜೋರಾಗಿ ಎಂದೆ. ಆಗ ಅವನು ಕೂಗಿದ. ಸಿಟ್ಟೂ ಸೇರಿತ್ತು.

"ಅಣ್ಣಂಗೆ ಎರಡೂ ಕಿಡ್ನಿ ಹೋಗಿದೆ! ನಂದು ಮ್ಯಾಚ್ ಆಗಿದೆ! ನಂಗೆ ಕೊಡಕ್ಕೆ ಹೆದರಿಕೆ! ಡಾಕ್ಟರು ನನ್ನೊಬ್ಬನ್ನೇ ಒಳಗೆ ಕರೆದು ಹೇಳಿದ್ರು, ನಿಮಗೆ ಮನಸ್ಸಿಲ್ದೇ ಇದ್ರೆ ಹೇಳಿ, ಹೊಂದಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ, ಯಾರಿಗೂ ಗೊತ್ತಾಗಲ್ಲ ಅಂತ! ಹಾಗೆ ಹೇಳ್ಸಿಬಿಡ್ಲಾ ಅಂತ ನಿಮ್ಮನ್ನ ಕೇಳಿದ್ದೆ! ಅಪ್ಪ ಹೋದ್ಮೇಲೆ ನನ್ನನ್ನ ಓದ್ಸಿದ್ದೇ ಅಣ್ಣ! ಲಿಫ್ಟ್ ಗುಂಡಿಯೊಳಗೆ ನೇತಾಡ್ಕೊಂಡು ಕೆಲಸ ಮಾಡ್ತೀನಿ, ಏನೂ ಅನ್ಸಲ್ಲ, ಆ ಕತ್ತರಿ ನೆನಸ್ಕೊಂಡ್ರೆ ಕೈಕಾಲು ತಣ್ಣಗಾಗುತ್ತೆ! ಕೇಳ್ಸ್ತಾ ಈಗ?"

ಕೇಳಿಸಿತು. ಇಡೀ ತೋಟಕ್ಕೆ ಕೇಳಿಸಿತು. ಅಡ್ಡಾಡುತ್ತಿದ್ದವರು ನಿಂತಲ್ಲೇ ನಿಂತು ನೆಲ ನೋಡುತ್ತಿದ್ದರು. ಟೀಚರಮ್ಮನ ಕೈಯಲ್ಲಿ ಜಪಮಾಲೆ ಅಲ್ಲಾಡದೆ ನೇತಾಡುತ್ತಿತ್ತು.

"ಈಗ ಹೇಳಿ" ಎಂದ. "ಹಾಗೆ ಹೇಳಿಸ್ಲಾ, ಬೇಡ್ವಾ?"

ತಲೆ ತಾನಾಗಿ ಅಲ್ಲಾಡಲು ಹೊರಟಿತು. ಕತ್ತು ಬಿಗಿ ಹಿಡಿದೆ. ನನಗೆ ಗೊತ್ತಿಲ್ಲ ಎಂದೆ. ಕೊಡಿ ಎಂದು ಹೇಳುವ ಹಕ್ಕು ನನಗಿಲ್ಲ, ದೇಹ ನಿಮ್ಮದು. ಆದರೆ ಆ ಸುಳ್ಳಿಗೆ ನಾನು ಹೂಂ ಅಂದಿಲ್ಲ. ಅಂದದ್ದನ್ನು ವಾಪಸ್ ತಗೊಂಡಿದೀನಿ.

"ನಿದ್ದೆ?" ಎಂದ. "ಅದನ್ನೂ ವಾಪಸ್ ತಗೊಂಡ್ರಾ?"

ಹೌದು ಎಂದೆ. ಕಣ್ಣಲ್ಲಿ ನೀರು ಬಂತು ನನಗೆ, ಅವನಿಗಲ್ಲ.

ಊಟದ ಮನೆಯಲ್ಲಿ ವಿಚಿತ್ರ. ಮೌನ ಬಿಡುವುದು ಊಟವಾದ ಮೇಲೆಯೇ, ಹಾಗಾಗಿ ಯಾರೂ ಒಂದು ಮಾತೂ ಆಡುವಂತಿಲ್ಲ. ಅವನು ತಟ್ಟೆ ನೋಡುತ್ತಾ ಕುಳಿತಿದ್ದ. ಪಕ್ಕದವರು ಉಪ್ಪು ಸರಿಸಿದರು. ಎದುರಿನವರು ಬೆಣ್ಣೆ. ಆ ತುದಿಯಿಂದ ನೀರಿನ ಜಗ್ಗು ಕೈಯಿಂದ ಕೈಗೆ ಬಂತು, ಹಿಂದೆಯೇ ಬ್ರೆಡ್ ಬುಟ್ಟಿ, ಹಣ್ಣು, ಇನ್ನೊಂದು ಉಪ್ಪು. ಅವನ ಮುಂದೆ ಕೈ ಇಡಲು ಜಾಗವಿರಲಿಲ್ಲ. ಅಡುಗೆ ಸಿಸ್ಟರ್ ಸೂಪಿನ ಪಾತ್ರೆಯನ್ನೇ ತಂದಿಟ್ಟಳು. ಅವನು ಎಲ್ಲವನ್ನೂ ನೋಡಿದ. ಸ್ವಲ್ಪ ಸೂಪು ಕುಡಿದ.

ನನಗೆ ಹೇಳದೆ ಹೋದ. ಹೇಳಲಿ ಎಂದು ನಾನೂ ಕಾಯಲಿಲ್ಲ. ಗೇಟಿನ ತನಕ ನೋಡಿದೆ ಅಷ್ಟೇ.

ಮಾರ್ಚ್ 10, ಮಂಗಳವಾರ

ಮದರಿಗೆ ಹೇಳಿದೆ. ತೋಟದಲ್ಲಿ ಅಷ್ಟೆಲ್ಲ ಆದ ಮೇಲೆ ಹೇಳುವುದಕ್ಕೇನೂ ಉಳಿದಿರಲಿಲ್ಲ, ಆದರೂ ನನ್ನ ಬಾಯಿಂದ ಬರಲೆಂದು ಎರಡು ದಿನ ಕಾದಿದ್ದರು. ಬೈಯಲಿಲ್ಲ. ಒಂದೇ ಪ್ರಶ್ನೆ, ಮುಖಕ್ಕೆ ಮುಖ ಕೊಟ್ಟು, ನಿಧಾನಕ್ಕೆ:

"ಈ ಎರಡು ವರ್ಷದಲ್ಲಿ ಇನ್ನೂ ಎಷ್ಟು ಜನ?"

ಗೊತ್ತಿಲ್ಲ. ಯಾರ್ಯಾರು ಏನೇನು ಹೇಳಿದರೋ, ನಾನು ಯಾವ್ಯಾವುದಕ್ಕೆ ಒಪ್ಪಿದೆನೋ. ನಾಚಿಕೆಯಾಯಿತು. ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಮುಂದಿನ ಗುಂಪಿಗೆ ಬೇರೆ ಕಡೆಯಿಂದ ಒಬ್ಬರು ಬರುತ್ತಾರೆ. ನನಗೆ ಬಟ್ಟೆಬರೆಯ ಜವಾಬ್ದಾರಿ. ಕಿವಿ ಡಾಕ್ಟರ ಹತ್ತಿರ ಹೋಗಿಬರಲು ಮದರೇ ದಿನ ಹಾಕಿಸಿದ್ದಾರೆ.

ಮಾರ್ಚ್ 16, ಸೋಮವಾರ

ಇಸ್ತ್ರಿ. ದಿಂಬಿನ ಚೀಲ, ಹೊದಿಕೆ, ಮತ್ತೆ ದಿಂಬಿನ ಚೀಲ. ಮೆಷಿನ್ನಿನ ಸದ್ದಿಗೆ ಎಲ್ಲರೂ ತಲೆನೋವು ಎನ್ನುತ್ತಾರೆ, ನನಗೆ ಆ ಬಾಧೆಯಿಲ್ಲ. ಈ ಕೆಲಸಕ್ಕೆ ನನ್ನಂಥವಳೇ ಸರಿ ಎಂದು ಅಡುಗೆ ಸಿಸ್ಟರ್ ಹಲ್ಲು ಬಿಟ್ಟಳು. ನಾನೂ ನಕ್ಕೆ.

ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದಿದ್ದ. ಅದು ಹೋದ ಸೋಮವಾರ. ಏನಾಯಿತೋ. ಹೊಂದಲಿಲ್ಲ ಎಂದು ಹೇಳಿಸಿಬಿಟ್ಟಿರಬೇಕು. ಹೇಳಿಸಿದರೆ ನಾನೇನು ಮಾಡಲಿ? ಸುಮ್ಮನಿದ್ದಿದ್ದರೆ ಅವನಾದರೂ ನೆಮ್ಮದಿಯಾಗಿರುತ್ತಿದ್ದ ಎಂದೂ ಅನ್ನಿಸುತ್ತದೆ. ಅವನ ಅಣ್ಣನಿಗಾಗಿ ಪ್ರಾರ್ಥಿಸುತ್ತೇನೆ. ಅವನಿಗಾಗಿ ಏನೆಂದು ಪ್ರಾರ್ಥಿಸಬೇಕೋ ತಿಳಿಯುತ್ತಿಲ್ಲ, ನೆನೆಸಿಕೊಳ್ಳುತ್ತೇನೆ ಅಷ್ಟೇ.

ಮಾರ್ಚ್ 19, ಗುರುವಾರ, ಬೆಳಿಗ್ಗೆ 11

ಆಫೀಸಿನಲ್ಲಿದ್ದೇನೆ. ಅಡುಗೆ ಸಿಸ್ಟರ್ ಹಿಟ್ಟಿನ ಕೈಯಲ್ಲೇ ಓಡಿಬಂದು ಎಳೆದುಕೊಂಡು ಬಂದಳು. ಲಿಫ್ಟಿನವನ ಫೋನ್. ಫೋನೆಂದರೆ ನನಗೆ ಆಗದು, ನೀನೇ ಕೇಳು ಎಂದೆ. ಅವಳು ಕೇಳಿ ಕೇಳಿ ನನಗೆ ಕೂಗಿ ಹೇಳಿದಳು.

"ಆಸ್ಪತ್ರೇಲಿದಾನಂತೆ! ಕೊಡಲ್ಲ ಅಂತ ತೀರ್ಮಾನ ಮಾಡಿದಾನಂತೆ! ಕೈಲಾಗಲ್ವಂತೆ!"

ಕುರ್ಚಿ ಎಳೆದು ಕುಳಿತೆ. ಹಾಗಾದರೆ ಆ ಸುಳ್ಳು...

"ಇರು, ಇನ್ನೂ ಇದೆ! ನೀವು ಮನೆಯವರಿಗೆ ಏನೂ ಹೇಳ್ಬೇಡಿ ಅಂತ ಡಾಕ್ಟರಿಗೆ ಅಂದ್ನಂತೆ! ಹೊಂದುತ್ತೆ, ಆದ್ರೆ ನಂಗೆ ಹೆದರಿಕೆ ಅಂತ ಅಣ್ಣಂಗೆ ತಾನೇ ಹೇಳ್ತಾನಂತೆ! ಬಾಗಿಲ ಹೊರಗೆ ನಿಂತಿದಾನೆ! ಒಳಗೆ ಅಣ್ಣ, ಅತ್ತಿಗೆ ಇಬ್ರೂ ಇದಾರಂತೆ!"

ಇಲ್ಲಿಗೆ ಅವಳ ದನಿ ಇಳಿಯಿತು. ಫೋನನ್ನು ನನ್ನ ಕಡೆ ಚಾಚಿದಳು. ತುಟಿ ನೋಡಿ ತಿಳಿದುಕೊಂಡೆ.

"ಫೋನ್ ಆನ್ ಮಾಡಿ ಜೇಬಲ್ಲಿ ಇಟ್ಕೊಂಡು ಒಳಗೆ ಹೋಗ್ತಾನಂತೆ. ನಿನ್ನ ಕಿವಿಗೆ ಕೊಡು ಅಂತಿದಾನೆ."

"ನಂಗೆ ಕೇಳ್ಸಲ್ಲ ಅಂತ ಹೇಳು."

ಹೇಳಿದಳು. ಕೇಳಿಸಿಕೊಂಡಳು.

"ಗೊತ್ತಂತೆ. ಆದ್ರೂ ಇಟ್ಕೊಂಡಿರ್ಲಿ ಅಂದ."

ಈ ಡೈರಿ ಏಪ್ರನ್ ಜೇಬಿನಲ್ಲೇ ಇತ್ತು. ಎಡಗೈಯಲ್ಲಿ ಫೋನ್, ಬಲಗಿವಿಗೆ ಒತ್ತಿ ಹಿಡಿದಿದ್ದೇನೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಾಗುತ್ತಿಲ್ಲ. ಮದರ್ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅಡುಗೆ ಸಿಸ್ಟರ್ ಬಾಯಿಗೆ ಸೆರಗಿನ ಹಾಗೆ ಏಪ್ರನ್ ಒತ್ತಿಕೊಂಡಿದ್ದಾಳೆ, ಅವಳಿಂದಲೂ ಸದ್ದಿಲ್ಲ. ಒಳಗೆ ಹೋಗಿರಬೇಕು ಈಗ. ಮಾತು ಶುರು ಮಾಡಿದನೋ ಇಲ್ಲವೋ. ಏನೂ ಕೇಳಿಸುತ್ತಿಲ್ಲ. ಗಾಳಿಯಂಥದ್ದೊಂದು, ಅಷ್ಟೇ. ಬಟ್ಟೆಗೆ ಬಟ್ಟೆ ಉಜ್ಜಿದಂತೆ. ಅವನ ಜೇಬಿರಬಹುದು.

ಇದ್ದೇನಪ್ಪಾ, ಇಲ್ಲೇ ಇದ್ದೇನೆ. ನೀನು ಹೇಳು.