ವರ್ಷಕ್ಕೊಮ್ಮೆ ವಿಟ್ಬಿಗೆ

ಥರ್ಸ್ಕ್
ಮಾರ್ಚ್ 11, 2025

ನೆವಿಲ್‌ಗೆ,

ನಿನ್ನ ಕಾಗದ ತಲುಪಿತು. ಫೋನಿನಲ್ಲಿ ಮೂರನೆಯ ಮಾತಿಗೇ ಜಗಳ ಹತ್ತುತ್ತದೆಂದು ನಾವಿಬ್ಬರೂ ಕಾಗದಕ್ಕೆ ಬಂದದ್ದು ಒಳ್ಳೆಯದೇ ಆಯಿತು. ಕಾಗದದಲ್ಲಾದರೆ ನೀನು ಅರ್ಧದಲ್ಲಿ ಬಾಯಿ ಹಾಕುವಂತಿಲ್ಲ. ನಾನು ಕ್ಷೇಮ, ಮಂಡಿ ಮಾತ್ರ ಕ್ಷೇಮವಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಅಷ್ಟೊಂದು ಮಕ್ಕಳಿಗೆ ಬಡಿಸಿ ಮನೆಗೆ ಬಂದರೆ ನನಗೊಂದು ಟೋಸ್ಟ್ ಮಾಡಿಕೊಳ್ಳುವ ತ್ರಾಣವೂ ಉಳಿದಿರುವುದಿಲ್ಲ. ಉತ್ತರ ತಡವಾದದ್ದು ಅದಕ್ಕೇ. ಬೇರೆ ಕಾರಣ ಹುಡುಕಬೇಡ.

ಏಪ್ರಿಲ್‌ನಿಂದ ರಸ್ತೆ ತೆರಿಗೆ ಮತ್ತೆ ಏರುತ್ತದೆ, ಆ ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಆಸೆ ಬಿಟ್ಟಿದ್ದೇನೆ, ಹ್ಯಾರೊಗೇಟ್‌ನ ಹಲ್ಲಿನ ಡಾಕ್ಟರೊಬ್ಬ ಕೊಳ್ಳುತ್ತಾನಂತೆ, ಇಪ್ಪತ್ತೆರಡನೇ ತಾರೀಕು ಶನಿವಾರ ನೋಡಲು ಬರುತ್ತಾನೆ, ನೀನು ಗರಾಜಿನ ಬಾಗಿಲು ತೆಗೆದರೆ ಸಾಕು ಎಂದು ಬರೆದಿದ್ದೀಯ. ಮದುವೆಯಾಗಿದ್ದ ಅಷ್ಟು ವರ್ಷ, ಬೇರೆಯಾದ ಮೇಲಿನ ಇಷ್ಟು ವರ್ಷ, ನೀನು ನನ್ನಿಂದ ಕೇಳಿದ್ದೆಲ್ಲ ಹೀಗೇ, ಇಷ್ಟು ಮಾಡಿದರೆ ಸಾಕು ಎನ್ನುವಂಥ ಕೆಲಸಗಳೇ.

ಮಾರು. ನಾನು ಅಡ್ಡ ಬರುವುದಿಲ್ಲ. ಗಂಡ ವೇಕ್‌ಫೀಲ್ಡಿಗೆ ಹೋದ, ಸವತಿ ಮಾತ್ರ ಮನೆಯಲ್ಲೇ ಉಳಿದಳು ಎಂದು ಪಕ್ಕದ ಮನೆಯ ಮ್ಯಾವಿಸ್ ಇವತ್ತಿಗೂ ಆಡಿಕೊಳ್ಳುತ್ತಾಳೆ. ಕೆಂಪು ಬಣ್ಣದ, ಎರಡೇ ಸೀಟಿನ, ಬಟ್ಟೆಯ ಚಾವಣಿಯ ಸವತಿ. ನಿನ್ನ ಫ್ಲ್ಯಾಟಿಗೆ ಗರಾಜಿಲ್ಲ ಎಂದು ಇಲ್ಲಿ ಬಿಟ್ಟೆ. ಅವಳಿಗೆ ಮಳೆ ಬೀಳದ ಮೂಲೆ, ಮೇಲೆ ಬೆಚ್ಚನೆಯ ಹೊದಿಕೆ. ನನ್ನ ಫ್ರೀಜರ್ ಮಾತ್ರ ಮೆಟ್ಟಿಲ ಕೆಳಗೆ ಮುದುರಿಕೊಂಡು ಕೂತಿದೆ. ಅವಳು ಹೋದರೆ ಅದಕ್ಕಾದರೂ ಜಾಗವಾಗುತ್ತದೆ.

ತೆರಿಗೆಯ ಬಗ್ಗೆ ನೀನು ಒಂದೂವರೆ ಪುಟ ಬರೆದಿದ್ದೀಯ. ಓದುವ ಅಗತ್ಯವೇ ಇರಲಿಲ್ಲ, ನನಗದು ಬಾಯಿಪಾಠ. ಎರಡು ಸಾವಿರದ ಆರರ ಮಾರ್ಚ್ ಇಪ್ಪತ್ತಮೂರಕ್ಕೆ ಮೊದಲು ನೋಂದಣಿಯಾಗಿದ್ದರೆ ಇದೇ ಕಾರಿಗೆ, ಇದೇ ಹೊಗೆಗೆ, ಈಗಿನದರ ಅರ್ಧಕ್ಕಿಂತ ತುಸು ಹೆಚ್ಚು ಕಟ್ಟಿದರೆ ಆಗುತ್ತಿತ್ತು. ಷೋರೂಮಿನವನು ಹಿಂದಿನ ವಾರವೇ ಫೋನ್ ಮಾಡಿ, "ಗಾಡಿ ಬಂದಿದೆ ಸಾರ್, ಬಂದು ತಗೊಂಡ್ಹೋಗಿ" ಎಂದಿದ್ದ. ನೀನು ಹಜಾರದಲ್ಲಿ ನಿಂತು ಗತ್ತಿನಿಂದ, "ಇಲ್ಲಪ್ಪಾ, ಇಪ್ಪತ್ತೇಳಕ್ಕೆ ನನ್ನ ಹುಟ್ಟಿದಬ್ಬ. ಕೀನೂ ಪೇಪರ್ರೂ ಎಲ್ಲಾ ಅವತ್ತಿಂದೇ ತಾರೀಕಿಗೆ ಆಗ್ಬೇಕು" ಎಂದೆ. ನಡುವೆ ಸರ್ಕಾರ ಬಜೆಟ್ ಓದಿತು. ಅಲ್ಲಿಂದೀಚೆಗೆ ತೆರಿಗೆ ಏರಿದಾಗಲೆಲ್ಲ ನೀನು ಬೈಯುವುದು ಮಂತ್ರಿಗಳನ್ನು. ಹುಟ್ಟುಹಬ್ಬವನ್ನು ಒಂದು ದಿನವೂ ಬೈದಿಲ್ಲ.

ಕಾಯಿದೆ ಮಾಡಿದವರು ತಪ್ಪು ಮಾಡಿದರೆಂದು ನನಗೆ ಅನ್ನಿಸುವುದಿಲ್ಲ, ನೆವಿಲ್. ಕಳೆದ ಕ್ರಿಸ್ಮಸ್‌ನಲ್ಲಿ ನಮ್ಮ ಫ್ರಾನ್ ಹೇಳಿದಳಲ್ಲ: "ಅಪ್ಪಾ, ಹೊಗೆ ಬಿಡೋರು ದುಡ್ಡು ಕಟ್ಲಿ ಬಿಡು. ನೀನು ಖುಷಿ ಪಡು, ಹೊಗೆ ನನ್ನ ಮಗು ಕುಡೀಲಿ, ಇದ್ಯಾವ ಲೆಕ್ಕ?" ನೀನು ಪುಡಿಂಗ್ ಬಿಟ್ಟು ಎದ್ದು ಹೊರಗೆ ಹೋಗಿ ನಿಂತೆ. ಮಗಳ ಮಾತು ಸರಿ ಎಂದು ನನಗೂ ಅನ್ನಿಸಿತ್ತು. ಆ ಚಳಿಯಲ್ಲಿ ಕೋಟಿಲ್ಲದೆ ನಿಂತವನ ಮೇಲೆ ಇನ್ನೊಂದು ಕಲ್ಲು ಯಾಕೆ ಎಂದು ನಿನ್ನ ಪುಡಿಂಗ್ ಮುಚ್ಚಿಟ್ಟೆ.

ಮೊನ್ನೆ ಮ್ಯಾವಿಸ್ ಬೇಲಿಯ ಆಚೆಯಿಂದ ಹಿಡಿದುಕೊಂಡಳು. "ಅಲ್ವೇ ಗ್ಲೆಂಡಾ, ರಸ್ತೆಗೆ ಇಳಿಸಲ್ಲ ಅಂತ ಬರ್ಕೊಟ್ಟಿರೋ ಕಾರು ವರ್ಷಕ್ಕೊಂದ್ಸಲ ಅದ್ಹೇಗೆ ಗುಡುಗುಡು ಅಂತ ಹೊರಗೆ ಬರುತ್ತೆ?" ನಾನು ಬಿಡಿಸಿ ಹೇಳಿದೆ. ಹಾಗೆ ಬರೆದುಕೊಟ್ಟರೆ ತೆರಿಗೆ ಕಟ್ಟಬೇಕಿಲ್ಲ, ಆದರೆ ಕಾರು ಗರಾಜು ಬಿಟ್ಟು ಕದಲುವಂತಿಲ್ಲ. ಮೊದಲೇ ದಿನ ಗೊತ್ತುಮಾಡಿಕೊಂಡಿದ್ದರೆ ಫಿಟ್‌ನೆಸ್ ಪರೀಕ್ಷೆಗೆ ಮಾತ್ರ ಹೋಗಿಬರಬಹುದು. ಅದಕ್ಕೆ ಅವಳು, "ಅದನ್ನ ನಮ್ಮ ಬೀದಿ ಕೊನೇಲೇ ಮಾಡ್ತಾರಲ್ಲೇ! ಗುಡ್ಡ ಹತ್ತಿ ಇಳಿದು ವಿಟ್ಬಿ ಸಮುದ್ರದವರೆಗೂ ಹೋಗ್ಬೇಕಾ?" ಎಂದಳು. ವಿಟ್ಬಿಯ ಮೆಕ್ಯಾನಿಕ್ ಓಟ್ಸ್‌ನ ಕೈಗುಣವೇ ಬೇರೆಯಂತೆ, ಇಲ್ಲಿಯವರು ಕೈ ಹಾಕಿದರೆ ಕೆಡಿಸುತ್ತಾರಂತೆ ಎಂದು ನಿನ್ನ ಮಾತನ್ನೇ ಒಪ್ಪಿಸಿದೆ. ಅವಳು ನಕ್ಕ ರೀತಿ ನನಗೆ ಸೇರಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ತೆರಿಗೆ ಕಟ್ಟುತ್ತಿದ್ದ ಕಾಲದಲ್ಲಿ ನೀನು ಭಾನುವಾರ ಭಾನುವಾರ ಬರುತ್ತಿದ್ದೆ. ಗರಾಜಿನ ಬಾಗಿಲ ಸದ್ದು, ಎಂಜಿನ್ನಿನ ಅಬ್ಬರ, ಆಮೇಲೆ ನಿಶ್ಶಬ್ದ. ನಾನು ಅಡುಗೆಮನೆಯಲ್ಲಿ ರೇಡಿಯೊ ಜೋರು ಮಾಡಿಕೊಂಡು ಕೂರುತ್ತಿದ್ದೆ. ನೀನು ಒಳಗೆ ಬರುತ್ತಿರಲಿಲ್ಲ, ನಾನು ಕರೆಯುತ್ತಿರಲಿಲ್ಲ. ತೆರಿಗೆ ಏರಿ, ಕಾರ್ಪೆಟ್ ಅಂಗಡಿಯಲ್ಲಿ ನಿನ್ನ ಕೆಲಸವೂ ಕಡಿಮೆಯಾಗಿ, ಆ ಭಾನುವಾರಗಳೆಲ್ಲ ಸೇರಿ ಏಪ್ರಿಲ್‌ನ ಒಂದು ಶುಕ್ರವಾರವಾದವು. ಆ ಮೊದಲ ಸಲ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಾವಣಿ ಕೊಂಡಿ ಮುರಿದಿದೆ, ಗಾಳಿಗೆ ಹಾರುತ್ತೆ. ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ಕೂತ್ಕೋಬೇಕು" ಎಂದೆ. ಯಾರಾದರೂ ಅಂತೆ! ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಆ ಸೀಟಿನಲ್ಲಿ ಕೂರುವುದೆಂದರೆ ಹಳ್ಳಕ್ಕೆ ಬಿದ್ದ ಹಾಗೆ. ಮೇಲೆ ಬರಲು ಇನ್ನೊಬ್ಬರ ಕೈ ಬೇಕು. ಹೀದರ್ ಗಿಡಗಳ ಆ ಬಯಲಿನುದ್ದಕ್ಕೂ ಒಂದು ಕೈಯಲ್ಲಿ ಚಾವಣಿ, ಇನ್ನೊಂದರಲ್ಲಿ ಚಹಾದ ಫ್ಲಾಸ್ಕು. ಮನೆಯ ನಲ್ಲಿ, ಗಡಿಯಾರ, ಮ್ಯಾವಿಸ್‌ಳ ಹುಲ್ಲು ಕತ್ತರಿಸುವ ಯಂತ್ರ, ಎಲ್ಲವನ್ನೂ ರಿಪೇರಿ ಮಾಡಿಕೊಟ್ಟ ಮನುಷ್ಯ ಆ ಒಂದು ಕೊಂಡಿಯನ್ನು ಇಷ್ಟು ವರ್ಷ ಯಾಕೆ ಸರಿ ಮಾಡಲಿಲ್ಲ ಎಂದು ನಾನೂ ಕೇಳಲಿಲ್ಲ.

ಹೋದ ವರ್ಷ ಪಿಕರಿಂಗ್ ಬಳಿ ಪೊಲೀಸಿನವನು ತಡೆದದ್ದು ನೆನಪಾದರೆ ಈಗಲೂ ಒಬ್ಬಳೇ ನಗುತ್ತೇನೆ. ಫ್ರಾನ್‌ಗಿಂತ ಚಿಕ್ಕವನು. ತೆರಿಗೆ ಕಟ್ಟಿಲ್ಲವೆಂದು ಅವನ ಯಂತ್ರ ಹೇಳಿತ್ತು. ನೀನು ಪರೀಕ್ಷೆ ಗೊತ್ತುಮಾಡಿದ್ದನ್ನು ತೋರಿಸಿದೆ, ಆ ಒಂದು ದಿನಕ್ಕೆ ಮಾಡಿಸಿದ್ದ ವಿಮೆಯನ್ನೂ ತೋರಿಸಿದೆ. ಅವನು, "ಥರ್ಸ್ಕ್‌ನಲ್ಲಿ ಯಾರೂ ಪರೀಕ್ಷೆ ಮಾಡಲ್ವಾ ಸಾರ್?" ಎಂದ. ನೀನು ತೊದಲತೊಡಗಿದಾಗ ನಾನೇ, "ಮಾಡ್ತಾರಪ್ಪಾ. ಆದ್ರೆ ಇವರ ಹತ್ರ ಜಗಳ ಆಡ್ದೇ ಇರೋರು ಯಾರೂ ಉಳ್ದಿಲ್ಲ" ಎಂದೆ. ಅವನು ನನ್ನನ್ನೂ, ಮೇಲೆತ್ತಿದ ನನ್ನ ಕೈಯನ್ನೂ ನೋಡಿ, "ಹಂಗಾದ್ರೆ ನೀವು ಹೇಗ್ ಉಳ್ಕೊಂಡ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಳಿಸಿಬಿಟ್ಟ. ನೀನು ಸೀದಾ ಸಮುದ್ರ ಕಾಣುವವರೆಗೂ ಗಾಡಿ ಓಡಿಸಿದೆ.

ಓಟ್ಸ್ ಕಾರನ್ನು ಒಳಗೆ ತೆಗೆದುಕೊಂಡು ಹೋದ. ನಾವು ಬಂದರಿನ ಬೆಂಚಿನ ಮೇಲೆ ಕೂತು ಕಾಗದದ ಪೊಟ್ಟಣದಲ್ಲೇ ಮೀನು, ಆಲೂಗಡ್ಡೆ ತಿಂದೆವು. ನಿನ್ನ ಪಾಲಿನ ಅರ್ಧ ಸೀಗಲ್ ಹಕ್ಕಿಗೆ ಹೋಯಿತು. ತಿಂದಾದ ಮೇಲೆ ನೀನು ನನ್ನ ಭುಜಕ್ಕೊರಗಿ ನಿದ್ದೆ ಹೋದೆ. ಓಟ್ಸ್ ಎರಡು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ. ನಿನ್ನ ತಲೆ ಭಾರವೆಂದರೆ ಭಾರ, ತೋಳು ಜೋಮು ಹಿಡಿದಿತ್ತು. ನೀನೆಷ್ಟು ದಣಿದಿದ್ದೀಯ ಎಂದು ನಾನು ಅವತ್ತೇ ಕಂಡದ್ದು. ನಾನೂ ದಣಿದಿದ್ದೇನೆ, ನೆವಿಲ್. ಒಬ್ಬಳೇ ದಣಿದು ದಣಿದು ಸಾಕಾಗಿದೆ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದಾಯಿತು. ಕಾರು ಹೋದರೆ ನನಗೇನೂ ಬೇಜಾರಿಲ್ಲ. ಅದು ಹೋದ ಮೇಲೆ ನಿನಗೆ ಈ ಮನೆಗೆ ಬರಲು ಯಾವ ನೆಪವೂ ಇರುವುದಿಲ್ಲ, ಬಾ ಎನ್ನಲು ನನ್ನ ಬಾಯಿಗೆ ಅಭ್ಯಾಸ ತಪ್ಪಿಹೋಗಿದೆ. ಅದಕ್ಕೆ ಬೇಜಾರು, ಬಹಳ ಬೇಜಾರು. ಶನಿವಾರ ಡಾಕ್ಟರ್ ಬರಲಿ, ಬಾಗಿಲು ತೆಗೆಯುತ್ತೇನೆ. ಅವನ ಜೊತೆ ನೀನೂ ಬಂದು ನಿಂತಿರು. ನಿನ್ನ ಕಾರನ್ನು ಪರರ ಕೈಗೆ ಕೊಡುವ ಕೆಲಸ ನನ್ನದಲ್ಲ.

ಶೀತಕ್ಕೆ ಹುಷಾರು. ಔಷಧಿಯನ್ನು ಊಟವಾದ ಮೇಲೇ ತೆಗೆದುಕೋ.

ಈಗಲೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ
ಗ್ಲೆಂಡಾ

ತಾ.ಕ.: ಮೂರು ವರ್ಷದ ಹಿಂದೆ ವಿಟ್ಬಿಯಲ್ಲಿ ನೀನು ಕೈ ತೊಳೆಯಲು ಹೋಗಿದ್ದಾಗ ಓಟ್ಸ್ ನನ್ನ ಹತ್ತಿರ ಬಂದು, "ಅಲ್ಲಾ ಗ್ಲೆಂಡಾ, ಗರಾಜಲ್ಲೇ ನಿಂತಿರೋ ಕಾರಿಗೆ ಪರೀಕ್ಷೇನೇ ಬೇಕಾಗಿಲ್ಲ. ಸುಮ್ಮನೆ ಯಾಕೆ ಇಷ್ಟು ದೂರ ಬಂದು ದುಡ್ಡು ಕೊಡ್ತೀರಿ? ನೆವಿಲ್‌ಗೆ ಗೊತ್ತಿಲ್ವಾ?" ಎಂದು ಕೇಳಿದ. ನಾನು ನಿನಗೆ ಹೇಳಲಿಲ್ಲ. ಈ ವರ್ಷದ ಪರೀಕ್ಷೆಯನ್ನು ನಾನೇ ಗೊತ್ತುಮಾಡಿದ್ದೇನೆ, ಏಪ್ರಿಲ್ ಹನ್ನೊಂದು, ಶುಕ್ರವಾರ. ಪರೀಕ್ಷೆ ಬೇಕಿಲ್ಲವೆಂದು ನಿನಗೆ ನಿಜವಾಗಿ ಗೊತ್ತಿರಲಿಲ್ಲವಾದರೆ, ದಮ್ಮಯ್ಯ, ಕಾರು ಮಾರಬೇಡ. ಗೊತ್ತಿದ್ದೂ ಬರುತ್ತಿದ್ದೆಯಾದರೆ ಡಾಕ್ಟರಿಗೇ ಕೊಟ್ಟುಬಿಡು, ನಾವು ಬಸ್ಸಿನಲ್ಲಿ ಹೋಗೋಣ.