ಹನ್ನೊಂದನೆಯ ವಿಷಯ

ಮನೆಯಿಂದ,
ಮಾರ್ಚ್ ಹನ್ನೆರಡು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತಾ? ಸುರಂಗದ ಧೂಳಿಗೆಂದು ಕೊಟ್ಟ ಮಾಸ್ಕನ್ನು ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತೀಯ ಎಂದು ರಜೆಗೆ ಬಂದಿರುವ ನಿನ್ನ ಜೊತೆಗಾರ ಅಮ್ಮನ ಹತ್ತಿರ ಚಾಡಿ ಹೇಳಿದ್ದಾನೆ. ಅದು ಮೂಗಿಗೆ ಹಾಕುವ ವಸ್ತು ಮಾರಾಯ, ಒಡವೆಯಲ್ಲ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಮೆಟ್ಟಿಲು ಇಳಿಯುವಾಗ ಮಾತ್ರ ತಕರಾರು ಮಾಡುತ್ತದಂತೆ, ಹತ್ತುವಾಗ ಇಲ್ಲವಂತೆ. ಹಾಗಾದರೆ ಮಹಡಿಯಲ್ಲೇ ಇದ್ದುಬಿಡು ಎಂದೆ. ಎರಡು ದಿನ ಮಾತು ಬಿಟ್ಟಳು. ನಾನು ಸುಸ್ತಾಗಿದ್ದೇನೆ. ಕಾಯಿಲೆಯೇನಿಲ್ಲ, ಗಾಬರಿಯಾಗಬೇಡ. ಮಲಗಿ ಎದ್ದರೂ ಬಿಡದ ಸುಸ್ತು, ಅಷ್ಟೇ. ನಿನ್ನ ಕ್ಯಾಂಪಿಗೆ ಫೋನ್ ಸಿಗುವುದಿಲ್ಲವೆಂದು ಇಷ್ಟು ದಿನ ಬೈದುಕೊಳ್ಳುತ್ತಿದ್ದೆ. ಇವತ್ತು ಅದೇ ಒಳ್ಳೆಯದಾಯಿತು ಅನ್ನಿಸುತ್ತಿದೆ. ಇದನ್ನೆಲ್ಲ ಬಾಯಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಹೋದ ವರ್ಷ ನಾನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ವಿದ್ಯಾರ್ಥಿ ಸದಸ್ಯೆಯಾಗಿ ಆರಿಸಿ ಬಂದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮೂವತ್ತೊಂಬತ್ತು ವರ್ಷದ ವಿದ್ಯಾರ್ಥಿ ನಾಯಕಿ, ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಸಂಜೆ ಕಾಲೇಜಿನ ಕೊನೆಯ ಬೆಂಚಿನವಳು! ನಿಜ ಹೇಳಬೇಕೆಂದರೆ ಹಗಲಿನ ಹುಡುಗರು ಇಬ್ಬರು ಹಟ ಹಿಡಿದು ಎದುರುಬದುರು ನಿಂತು ಮತ ಒಡೆದುಕೊಂಡರು, ಸಂಜೆಯವರು ಒಟ್ಟಾಗಿ ನನಗೆ ಹಾಕಿದರು. “ಅಕ್ಕಾ, ತಿರುಗೋ ಕುರ್ಚಿ ಕೊಡ್ತಾರಾ?” ಎಂದು ಕೇಳಿದ್ದೆಯಲ್ಲ, ಕೊಡುತ್ತಾರೆ. ಕೂತರೆ ನನ್ನ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಉದ್ದನೆಯ ಮೇಜಿನ ಸುತ್ತ ಹದಿಮೂರು ಜನ, ಎಲ್ಲರ ಮುಂದೆ ಒಂದೊಂದು ನೀರಿನ ಬಾಟಲಿ, ಇಟ್ಟಿಗೆಯಷ್ಟು ದಪ್ಪದ ಕಡತ. ಅಧ್ಯಕ್ಷರು ಕೆಮ್ಮಿದರೆ ಸಾಕು, ಎಲ್ಲರೂ ಹಾಳೆ ತಿರುವುತ್ತಾರೆ. ಮೊದಲ ಎರಡು ಸಭೆ ನಾನೂ ಕೆಮ್ಮು ಕೇಳಿ ಹಾಳೆ ತಿರುವಿದೆ.

ಜನವರಿಯ ಕಡತದಲ್ಲಿ ಹನ್ನೊಂದನೆಯ ವಿಷಯ ಎಂದು ಒಂದು ಸಾಲಿತ್ತು. ಜೂನ್ ತಿಂಗಳಿಂದ ಸಂಜೆಯ ತರಗತಿಗಳನ್ನು ಮುಚ್ಚುವುದು. ಓದುತ್ತಿರುವವರು ಹಗಲಿಗೆ ಬರಬಹುದು, ಇಲ್ಲವಾದರೆ ಬಿಡಬಹುದು. ಮೇಲೆ ‘ಗೋಪ್ಯ’ ಎಂದು ಕೆಂಪು ಮುದ್ರೆ. ಚರ್ಚೆ ಮಾರ್ಚ್ ಸಭೆಯಲ್ಲಿ, ಅಲ್ಲಿಯತನಕ ಹೊರಗೆ ಉಸಿರೆತ್ತಬಾರದು. ಸೇರಿದ ದಿನವೇ ಆ ಮಾತಿಗೆ ನಾನು ರುಜು ಹಾಕಿದ್ದೆ. ಜನವರಿಯ ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ನಿಲ್ಲಿಸಿಕೊಂಡು, ಜೋರಿನಿಂದಲ್ಲ, ಸಮಾಧಾನವಾಗಿಯೇ ಹೇಳಿದರು: “ನೋಡಮ್ಮ, ವಿದ್ಯಾರ್ಥಿಗಳು ಆರಿಸಿದ್ದು ನಿಜ, ಆದ್ರೆ ನೀನು ಅವರ ವಕೀಲಳಲ್ಲ. ಇಲ್ಲಿ ಕೂತ ಮೇಲೆ ಇಡೀ ಸಂಸ್ಥೆ ನಿನ್ನ ಜವಾಬ್ದಾರಿ.” ಅವರು ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಲಿಲ್ಲ, ಕಷ್ಟ ಇರುವುದೇ ಅಲ್ಲಿ. ಕಡತವನ್ನು ಮೂರು ಸಲ ಓದಿದೆ. ಸಂಜೆ ಆರುನೂರು ಜನ ಇದ್ದದ್ದು ಈಗ ನಾನೂರ ಹನ್ನೆರಡು. ಪಾಠ ಮಾಡುವವರಲ್ಲಿ ಅರ್ಧ ಜನ ಎರಡು ವರ್ಷದಲ್ಲಿ ನಿವೃತ್ತರಾಗುತ್ತಾರೆ. ಸುಳ್ಳು ಎನ್ನಲು ಒಂದು ಸಾಲೂ ಸಿಗಲಿಲ್ಲ.

ಆಮೇಲಿನ ಆರು ವಾರ ಹೇಗೆ ಕಳೆದೆನೋ ನನಗೇ ಗೊತ್ತು. ನನ್ನ ಪಕ್ಕ ಕೂರುವವರು ಒಬ್ಬ ಬಸ್ ಡ್ರೈವರ್. ಮೂರು ವರ್ಷದ ಓದಿನಲ್ಲಿ ಅವರದು ಮೊದಲನೆಯದು, ನನ್ನದು ಎರಡನೆಯದು. ಭಾಷೆಯ ಪಾಠಕ್ಕೆ ಎರಡೂ ವರ್ಷದವರನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ನಾನು ಅಣ್ಣ ಎಂದೇ ಕರೆಯುವುದು. ನಾನು ತಡವಾದರೆ ಬೆಂಚಿನ ಮೇಲೆ ಟೋಪಿ ಇಟ್ಟು ಜಾಗ ಹಿಡಿದಿರುತ್ತಿದ್ದರು. ದಿನಾ ಒಂದೇ ತಮಾಷೆ: “ಏನ್ ತಂಗಿ, ದೊಡ್ಡೋರ ಕೋಣೇಲಿ ಏನ್ ಸುದ್ದಿ?” ನಾನು ನಗುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ಸಂಜೆ ಡಿಪೋದ ಹಾಳೆಯೊಂದನ್ನು ನನ್ನ ಮುಂದೆ ಹರಡಿದರು. ತರಗತಿಗೋಸ್ಕರ ಅವರು ನಸುಕಿನ ಪಾಳಿ ಕೇಳಿ ಪಡೆದವರು. ಈಗ ಇನ್ನೂ ಎರಡು ವರ್ಷ ಅದೇ ಪಾಳಿ ಬೇಕೆಂದು ಬರೆದುಕೊಟ್ಟರೆ ಮಧ್ಯದಲ್ಲಿ ಬದಲಾಯಿಸುವ ಹಾಗಿಲ್ಲವಂತೆ. “ಏನಂತೀರಿ, ಬರ್ಕೊಟ್ಬಿಡ್ಲಾ?” ಎಂದರು. ನಾನು ಚೀಲದಲ್ಲಿ ಪೆನ್ನು ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. ಪೆನ್ನು ಕೈಯಲ್ಲೇ ಇತ್ತು. ಅವರು ಸ್ವಲ್ಪ ಹೊತ್ತು ಕಾದು, ರುಜು ಹಾಕಿ, ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು.

ಸಭೆಗೆ ನಾಲ್ಕು ದಿನ ಇರುವಾಗ ಕುಲಸಚಿವರು ಅಂಗಡಿಗೇ ಫೋನ್ ಮಾಡಿದರು. ನಾನೇ ಸಂಜೆಯ ವಿದ್ಯಾರ್ಥಿನಿಯಾದ್ದರಿಂದ ಹನ್ನೊಂದನೆಯ ವಿಷಯ ಬಂದಾಗ ಹೊರಗೆ ಕೂತರೆ ಚೆಂದ, ಇಲ್ಲವಾದರೆ ನಾಳೆ ಯಾರಾದರೂ ಸ್ವಹಿತಾಸಕ್ತಿ ಎಂದು ಬೆರಳು ತೋರಿಸುತ್ತಾರೆ ಎಂದರು. ಆ ಮನುಷ್ಯ ಎಷ್ಟು ಸಭ್ಯರೆಂದರೆ ನಾನು ಆಗಲಿ ಸಾರ್ ಎಂದೇಬಿಟ್ಟೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಿಯಮಗಳ ಪುಸ್ತಕ ತೆಗೆದು ಕೂತೆ. ಅಕ್ಷರ ಎಷ್ಟು ಸಣ್ಣದೆಂದರೆ ಅಂಗಡಿಯ ಭೂತಗನ್ನಡಿ ಹಿಡಿಯಬೇಕಾಯಿತು. ವಿದ್ಯಾರ್ಥಿ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿ ಸದಸ್ಯರನ್ನು ಮತದಾನದಿಂದ ಹೊರಗಿಡತಕ್ಕದ್ದಲ್ಲ ಎಂದು ಸ್ಪಷ್ಟವಾಗಿತ್ತು. ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿದೆ. ಒಂದಕ್ಷರ ಬಿಡದೆ ಪೂರ್ತಿ ಓದಿದೆ. ಕುಲಸಚಿವರು ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷರು “ಕೂತ್ಕೊಳ್ಳಮ್ಮ, ನೀನು ಮತ ಹಾಕು” ಎಂದರು. ಆ ಕ್ಷಣ ನಾನೇ ಗೆದ್ದೆ ಎಂದುಕೊಂಡೆ ಕಣೋ.

ಗೆದ್ದದ್ದು ಕುರ್ಚಿ ಮಾತ್ರ. ಚಹಾದ ಬಿಡುವಿನಲ್ಲಿ ಮಂಡಳಿಯ ಹಿರಿಯ ಸದಸ್ಯೆ, ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ, ನನ್ನನ್ನು ಕಿಟಕಿಯ ಹತ್ತಿರ ಕರೆದರು. “ಲೆಕ್ಕ ಹಾಕಿದೀನಿ. ಮುಚ್ಚಬೇಕು ಅನ್ನೋರು ಏಳು, ನಿನ್ನನ್ನೂ ಸೇರಿಸಿ ನಾವು ಆರು. ಈಗ ಓದ್ತಿರೋರೆಲ್ಲ ಸಂಜೆಯಲ್ಲೇ ಮುಗಿಸ್ಲಿ, ಹೊಸಬರನ್ನ ತಗೊಳ್ಳೋದು ಬೇಡ ಅಂದ್ರೆ ಆ ಕಡೆಯಿಂದ ಇಬ್ಬರು ಬರ್ತಾರೆ. ಆದ್ರೆ ನೀನೇ ಬೇಡ ಅಂದ್ರೆ ಅವರೂ ಬರಲ್ಲ.” ಮತ್ತೇನೂ ದಾರಿ ಇಲ್ಲವೇ ಎಂದೆ. “ಇದ್ದಿದ್ರೆ ಚಹಾ ಬಿಟ್ಟು ಇಲ್ಲಿ ನಿಂತಿರ್ತಿದ್ನಾ?” ಎಂದರು. ಯೋಚಿಸಲು ಸಿಕ್ಕಿದ್ದು ಹತ್ತು ನಿಮಿಷ. ಆ ನಾನೂರ ಹನ್ನೆರಡು ಜನರಲ್ಲಿ ನನಗೆ ಮುಖ ಗೊತ್ತಿರುವವರು ನೂರು ಮಂದಿಯಾದರೂ ಇದ್ದಾರೆ. ಬಿಡುವು ಮುಗಿದು ಡಾಕ್ಟರಮ್ಮನ ಸೂಚನೆ ಮತಕ್ಕೆ ಬಂದಾಗ ಕೈ ಎತ್ತಿದೆ. ಎಂಟು, ಐದು. ಹನ್ನೆರಡನೆಯ ವಿಷಯ ವಾಹನ ನಿಲ್ಲಿಸುವ ಜಾಗದ್ದು. ಅದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮರುದಿನ ನಿರ್ಣಯವನ್ನು ಫಲಕಕ್ಕೆ ಅಂಟಿಸಿದರು, ವಿಷಯ ಜನವರಿಯಲ್ಲಿ ಮಂಡಳಿಗೆ ಬಂದ ತಾರೀಖು ಮತ್ತು ಪರವಾಗಿ ಕೈ ಎತ್ತಿದವರ ಹೆಸರಿನ ಸಮೇತ. ಹಗಲಿನ ಹುಡುಗರು ಅದರ ಕೆಳಗೆ ನನ್ನ ಚಿತ್ರ ಬರೆದಿದ್ದಾರೆ, ಕೈ ಮಾತ್ರ ಆನೆಯ ಸೊಂಡಿಲಿನಷ್ಟು ಉದ್ದ. ಚೆನ್ನಾಗಿಯೇ ಬರೆದಿದ್ದಾರೆ, ಮೂಗು ನನ್ನದೇ. ಅದು ನನಗೆ ಅಷ್ಟು ತಾಗಲಿಲ್ಲ. ಸಂಜೆ ಡ್ರೈವರ್ ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದರು. ಅವರು ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು.

“ಆರು ವಾರದಿಂದ ಗೊತ್ತಿತ್ತಾ ನಿನಗೆ?”

ಗೊತ್ತಿತ್ತು ಎಂದೆ. ಹೇಳುವ ಹಾಗಿರಲಿಲ್ಲ ಎಂದೆ.

“ಹೇಳ್ಬೇಡ ಬಿಡು. ತಡಿ ಅಣ್ಣ ಅನ್ನಬಹುದಿತ್ತಲ್ಲ? ಅದೂ ಬೇಡ. ತಲೆ ಎತ್ತಿ ನನ್ನ ಮುಖ ನೋಡಿದ್ರೂ ಸಾಕಿತ್ತು, ನಾನೇ ತಿಳ್ಕೊಳ್ತಿದ್ದೆ.”

ನಿಮ್ಮ ಎರಡು ವರ್ಷ ಉಳಿಯಿತಲ್ಲ ಅಣ್ಣಾ ಎಂದು ನಾಲಿಗೆಯ ತುದಿಗೆ ಬಂತು. ಅವರು ಮುಂದಿನ ಸಾಲಿಗೆ ಹೋಗಿ ಕೂತರು. ಈಗ ಹಾಜರಿ ಹಾಳೆಯನ್ನು ಹಿಂದಕ್ಕೆ ಕೊಡುವಾಗ ತಿರುಗಿ ನೋಡುವುದಿಲ್ಲ, ಭುಜದ ಮೇಲಿನಿಂದ ಚಾಚುತ್ತಾರೆ. ನಾನು ತೆಗೆದುಕೊಳ್ಳುತ್ತೇನೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಿನ್ನನ್ನು ಕೇಳುತ್ತಿಲ್ಲ. ನನಗೇ ದಿನಕ್ಕೊಂದು ಥರ ಕಾಣುತ್ತದೆ. ಜೂನ್‌ಗೆ ನನ್ನ ಅವಧಿ ಮುಗಿಯುತ್ತದೆ. ಇನ್ನೊಂದು ಸಲ ನಿಲ್ಲುತ್ತೀರಾ ಎಂದು ಕುಲಸಚಿವರು ಮತ್ತದೇ ಸಭ್ಯತೆಯಿಂದ ಕೇಳಿದರು. ಗಾಜು ಉಜ್ಜುವ ಕೆಲಸ ಬಹಳ ಬಾಕಿ ಇದೆ ಸಾರ್ ಎಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ನೋಡಿಕೋ. ಅಮ್ಮ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ಇಂತಿ,
ನಿನ್ನ ಅಕ್ಕ

ತಾ. ಕ.: ಕಾಗದ ಒಯ್ಯಲು ನಿನ್ನ ಜೊತೆಗಾರ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಸುರಂಗದ ಕೆಲಸ ಬಿಟ್ಟು ಬರುತ್ತೇನೆ, ಈ ಜೂನ್‌ಗೆ ಸಂಜೆ ಕಾಲೇಜು ಸೇರುತ್ತೇನೆ, ಅರ್ಜಿ ತಂದಿಡು ಎಂದು ದೀಪಾವಳಿಗೂ ಮೊದಲೇ ಬರೆದಿದ್ದೆಯಲ್ಲ. ಅರ್ಜಿ ತರಲಿಲ್ಲ. ಇನ್ನು ಕಾಲೇಜಿನವರು ಕೊಡುವುದೂ ಇಲ್ಲ. ಹೊಸಬರು ಬೇಡ ಎಂದು ಕೈ ಎತ್ತುವಾಗ ನಿನ್ನ ನೆನಪೇ ಆಗಲಿಲ್ಲ ಎಂದು ಬರೆಯೋಣವೆಂದುಕೊಂಡಿದ್ದೆ, ಬರೆಯಲು ಆಗುತ್ತಿಲ್ಲ. ನೆನಪಾಯಿತು ಕಣೋ. ಆದರೂ ಎತ್ತಿದೆ.